ಕಂಬಳಿ ಬಿಸಿ ಕೊಡುತ್ತದೆಯೇ?
ಹಿಮಬೆಟ್ಟ ಏರುವವರ ಉಡುಪು, ಹಗ್ಗ ಮತ್ತು ಹರಟೆಯ ಹಿಂದಿನ ವಿಜ್ಞಾನ



ಡಿಸೆಂಬರ್ ತಿಂಗಳ ಮುಂಜಾವು. ಕಪ್ಪತಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಹೊಲದ ದಾರಿಯಲ್ಲಿ ಕುರಿಗಾಹಿಯೊಬ್ಬ ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊರಟಿದ್ದಾನೆ. ನೀವಿನ್ನೂ ಕೌದಿಯೊಳಗಿಂದ ಏಳಲು ಒಲ್ಲೆ ಎನ್ನುತ್ತಿದ್ದೀರಿ. "ಕೌದಿ ಎಷ್ಟು ಬೆಚ್ಚಗಿದೆ!" ಎನ್ನುತ್ತೀರಿ ಅಲ್ಲವೇ?

ಈಗ ಒಂದು ಪ್ರಶ್ನೆ. ರಾತ್ರಿ ಹೊದ್ದುಕೊಳ್ಳುವ ಮೊದಲು ಅದೇ ಕೌದಿಯನ್ನು ಮುಟ್ಟಿ ನೋಡಿದ್ದೀರಾ? ಅದು ತಣ್ಣಗಿತ್ತು. ಯಾರೂ ಹೊದೆಯದೆ ಮೂಲೆಯಲ್ಲಿ ಮಡಿಸಿಟ್ಟರೆ ಬೆಳಗಿನವರೆಗೂ ತಣ್ಣಗೇ ಇರುತ್ತದೆ. ಹಾಗಾದರೆ ಬಿಸಿ ಎಲ್ಲಿಂದ ಬಂತು?

ನಿಮ್ಮ ಮೈಯಿಂದಲೇ ಬಂತು. ನಾವು ಉಂಡ ರೊಟ್ಟಿ, ಪಲ್ಯೆ, ಅನ್ನ ದೇಹದಲ್ಲಿ ನಿಧಾನವಾಗಿ ಉಷ್ಣವಾಗಿ ಮಾರ್ಪಡುತ್ತಲೇ ಇರುತ್ತವೆ. ಸುಮ್ಮನೆ ಕುಳಿತ ದೊಡ್ಡವರ ದೇಹ ಹಳೆಯ ಕಾಲದ 100 ವ್ಯಾಟ್ ಬಲ್ಬಿನಷ್ಟು ಶಾಖವನ್ನು ಹೊರಗೆ ಬಿಡುತ್ತದೆ. ಕಂಬಳಿ ಮತ್ತು ಕೌದಿ ಬಿಸಿಯನ್ನು ಹುಟ್ಟಿಸುವುದಿಲ್ಲ. ನಾವು ಹುಟ್ಟಿಸಿದ ಬಿಸಿ ಓಡಿಹೋಗದಂತೆ ಕಾಯುತ್ತವೆ, ಅಷ್ಟೇ. ಈ ಒಂದು ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಹಿಮಾಲಯದ ತುದಿಯಲ್ಲಿ ಮನುಷ್ಯ ಬದುಕಿ ಉಳಿಯುವುದು ಇದರ ಮೇಲೆಯೇ ನಿಂತಿದೆ.

ಬೆಟದೂರಿನ ಯೋಧ

ಲಕ್ಷ್ಮೇಶ್ವರದಿಂದ ಪಶ್ಚಿಮಕ್ಕೆ ಹೋದರೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕು ಸಿಗುತ್ತದೆ. ಆ ತಾಲೂಕಿನ ಬೆಟದೂರು ಎಂಬ ಹಳ್ಳಿಯ ಹನುಮಂತಪ್ಪ ಕೊಪ್ಪದ ಅವರು ಭಾರತೀಯ ಸೇನೆಯ ಮದ್ರಾಸ್ ರೆಜಿಮೆಂಟಿನಲ್ಲಿ ಲ್ಯಾನ್ಸ್ ನಾಯಕ್ ಆಗಿದ್ದರು. 2016ರಲ್ಲಿ ಅವರು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 6000 ಮೀಟರ್ ಎತ್ತರದ ಸೋನಮ್ ಎಂಬ ಠಾಣೆಯಲ್ಲಿ ಕಾವಲಿಗಿದ್ದರು.

ಆ ವರ್ಷ ಫೆಬ್ರವರಿ 3ರಂದು ಠಾಣೆಯ ಮೇಲೆ ದೊಡ್ಡ ಹಿಮಕುಸಿತವಾಯಿತು. ಹತ್ತು ಮಂದಿ ಯೋಧರು ಹಿಮದಡಿ ಹೂತುಹೋದರು. ಅವರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್ ಮತ್ತು ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್ ಕೂಡ ಇದ್ದರು. ಸೈನಿಕರು ನಾಯಿಗಳು, ರಾಡಾರ್ ಮತ್ತು ಹಿಮ ಕತ್ತರಿಸುವ ಉಪಕರಣಗಳ ನೆರವಿನಿಂದ ಹಗಲಿರುಳು ಅಗೆದರು. ಯಾರೂ ಬದುಕಿರಲಾರರು ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಫೆಬ್ರವರಿ 8ರ ರಾತ್ರಿ, ಇಪ್ಪತ್ತೈದು ಅಡಿಗಿಂತ ಹೆಚ್ಚು ಆಳದಲ್ಲಿ, ಹನುಮಂತಪ್ಪ ಅವರು ಜೀವಂತವಾಗಿ ಸಿಕ್ಕರು! ಹೊರಗಿನ ಉಷ್ಣತೆ ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ ಇಳಿಯುವ ಜಾಗದಲ್ಲಿ ಅವರು ಆರು ದಿನ ಕಳೆದಿದ್ದರು.

ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ಕರೆತರಲಾಯಿತು. ದೇಶವೆಲ್ಲ ಅವರಿಗಾಗಿ ಪ್ರಾರ್ಥಿಸಿತು. ದೇಹದ ಒಳಗಿನ ಅಂಗಗಳು ತೀರ ದಣಿದಿದ್ದವು. ಫೆಬ್ರವರಿ 11ರಂದು ಅವರು ಕೊನೆಯುಸಿರೆಳೆದರು. ಉಳಿದ ಒಂಬತ್ತು ಯೋಧರೂ ಮರಳಿ ಬರಲಿಲ್ಲ.

ಅವರಿಗೆ ಹಿಮಗಡಿತದ ಗಾಯಗಳಾಗಿರಲಿಲ್ಲ ಎಂದು ಅಂದು ವೈದ್ಯರು ತಿಳಿಸಿದರು. ಅಷ್ಟು ಚಳಿಯಲ್ಲಿ, ಅಷ್ಟು ಹಿಮದ ಕೆಳಗೆ ಇದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಗೆ ಪಾಠದ ಕೊನೆಯಲ್ಲಿ ಉತ್ತರ ಹುಡುಕೋಣ. ಅದಕ್ಕೆ ಮೊದಲು ಹಿಮಬೆಟ್ಟದ ಚಳಿ ಎಂಥದು, ಅಲ್ಲಿಗೆ ಹೋಗುವವರು ಏನನ್ನು ಹೊತ್ತುಕೊಂಡು ಹೋಗುತ್ತಾರೆ, ಏಕೆ ಎಂಬುದನ್ನು ತಿಳಿಯೋಣ.

ಮೇಲೆ ಹೋದಂತೆ ಚಳಿ ಏಕೆ?

"ಬೆಟ್ಟದ ತುದಿ ಸೂರ್ಯನಿಗೆ ಹತ್ತಿರ. ಅಲ್ಲಿ ಸೆಕೆ ಹೆಚ್ಚಿರಬೇಕಲ್ಲವೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಆರು ಕಿಲೋಮೀಟರ್ ಮೇಲೇರಿದರೆ ಆ ದೂರದಲ್ಲಿ ಏನೂ ವ್ಯತ್ಯಾಸವಾಗದು.

ಸೂರ್ಯನ ಕಿರಣಗಳು ಮೊದಲು ನೆಲವನ್ನು ಕಾಯಿಸುತ್ತವೆ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ ಇರುವುದರಿಂದ ಆ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಹೀಗಾಗಿ ಸರಾಸರಿ ಪ್ರತಿ 1000 ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ಒಂದು ಲೆಕ್ಕ ಮಾಡಿ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. 6000 ಮೀಟರ್‌ಗೂ ಇದಕ್ಕೂ ವ್ಯತ್ಯಾಸ 5350 ಮೀಟರ್. ಅಂದರೆ ಎತ್ತರ ಒಂದರಿಂದಲೇ ಉಷ್ಣತೆ ಸುಮಾರು 35 ಡಿಗ್ರಿ ಇಳಿಯುತ್ತದೆ. ಗದಗದಲ್ಲಿ 28 ಡಿಗ್ರಿ ಇರುವ ಹೊತ್ತಿಗೆ ನಮ್ಮ ತಲೆಯ ಮೇಲೆ ಅಷ್ಟೇ ಎತ್ತರದಲ್ಲಿ ಸೊನ್ನೆಗಿಂತ 7 ಡಿಗ್ರಿ ಕೆಳಗೆ ಇರಬಹುದು! ಸಿಯಾಚಿನ್ ನಮಗಿಂತ ಬಹಳ ಉತ್ತರಕ್ಕಿದೆ. ಅಲ್ಲಿ ಚಳಿಗಾಲದ ರಾತ್ರಿ ಉದ್ದ. ಬಿದ್ದ ಬಿಸಿಲಿನ ಬಹುಭಾಗವನ್ನು ಬಿಳಿ ಹಿಮ ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಚಳಿ ಇನ್ನೂ ಹೆಚ್ಚು.

ಗಾಳಿ ಬೀಸಿದರಂತೂ ಕೇಳುವುದೇ ಬೇಡ. ಬಸ್ಸಿನ ಕಿಟಕಿ ತೆರೆದು ಕುಳಿತಾಗ ಚಳಿ ಹೆಚ್ಚಾಗುವುದನ್ನು ನೀವು ಬಲ್ಲಿರಿ. ನಮ್ಮ ಮೈಗೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳು ಪದರವೊಂದು ಸದಾ ಇರುತ್ತದೆ. ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದು, ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ.

ಮೂರು ಪದರಗಳ ಉಡುಪು

ಕೌದಿಯನ್ನು ಹೇಗೆ ಹೊಲಿಯುತ್ತಾರೆ? ಅಜ್ಜಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿಗೆ ಹಾಕುತ್ತಾಳೆ. ಸೀರೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗಾಡದ ಗಾಳಿ ಬಹಳ ಒಳ್ಳೆಯ ಉಷ್ಣ ಅವಾಹಕ. ಕುರಿಯ ಉಣ್ಣೆಯ ಎಳೆಗಳು ಗುಂಗುರಾಗಿರುವುದರಿಂದ ಕಂಬಳಿಯೂ ಹೀಗೆಯೇ ಗಾಳಿಯನ್ನು ಹಿಡಿದಿಡುತ್ತದೆ. ಪರ್ವತಾರೋಹಿಗಳ ಉಡುಪಿನ ಗುಟ್ಟೂ ಇದೇ. ಅವರು ಒಂದು ದಪ್ಪ ಕೋಟು ಹಾಕುವ ಬದಲು ಮೂರು ಪದರಗಳಲ್ಲಿ ಬಟ್ಟೆ ತೊಡುತ್ತಾರೆ.

ಮೊದಲ ಪದರ: ಮೈಗೆ ತಾಗಿರುವ ಒಳಉಡುಪು. ಇದರ ಕೆಲಸ ಬೆವರನ್ನು ಮೈಯಿಂದ ಹೊರಕ್ಕೆ ಸಾಗಿಸುವುದು. ಇದು ತೆಳು ಉಣ್ಣೆಯದು ಅಥವಾ ಪಾಲಿಯೆಸ್ಟರ್‌ನದು.

ಎರಡನೆಯ ಪದರ: ಬಿಸಿಯನ್ನು ಕಾಯುವ ಪದರ. ಉಣ್ಣೆಯ ಸ್ವೆಟರ್ ಅಥವಾ ಹೆಬ್ಬಾತಿನ ಮೃದು ಪುಕ್ಕ ತುಂಬಿದ ಜಾಕೆಟ್. ಈ ಪುಕ್ಕದ ಜಾಕೆಟ್ ತುಂಬ ಹಗುರ. ಏಕೆಂದರೆ ಅದರ ತುಂಬ ಇರುವುದು ಗಾಳಿಯೇ.

ಮೂರನೆಯ ಪದರ: ಗಾಳಿ, ಹಿಮ, ಮಳೆಯನ್ನು ತಡೆಯುವ ಹೊರ ಅಂಗಿ. ಕುರಿಗಾಹಿಯ ಕೊಪ್ಪೆ ಮಾಡುವ ಕೆಲಸವನ್ನು ಇದು ಮಾಡುತ್ತದೆ.

ಪದರಗಳಿಂದ ಇನ್ನೊಂದು ಲಾಭವಿದೆ. ಹತ್ತುವಾಗ ಮೈ ಬಿಸಿಯಾದರೆ ಒಂದನ್ನು ತೆಗೆಯಬಹುದು, ನಿಂತಾಗ ಮತ್ತೆ ಹಾಕಿಕೊಳ್ಳಬಹುದು. "ಚಳಿಯಲ್ಲಿ ಬಟ್ಟೆ ತೆಗೆಯುವುದೇ?" ಎಂದು ಆಶ್ಚರ್ಯವೇ? ಹಿಮಬೆಟ್ಟದಲ್ಲಿ ಬೆವರು ದೊಡ್ಡ ವೈರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ಒದ್ದೆಯಾದರೆ ಗಾಳಿ ಇದ್ದ ಜಾಗದಲ್ಲಿ ನೀರು ತುಂಬುತ್ತದೆ. ಕಾವಲುಗಾರನೇ ಕಳ್ಳನಾದಂತೆ! ಜೊತೆಗೆ ನೀರು ಆವಿಯಾಗುವಾಗಲೂ ಮೈಯ ಶಾಖವನ್ನೇ ಹೀರಿಕೊಳ್ಳುತ್ತದೆ. ಆದ್ದರಿಂದ ಅನುಭವಿಗಳು ಬೆವರು ಬಾರದಷ್ಟು ನಿಧಾನವಾಗಿ ನಡೆಯುತ್ತಾರೆ. ನಮಗೆ ಬೇಸಿಗೆಯಲ್ಲಿ ಹಿತವಾದ ಹತ್ತಿಬಟ್ಟೆ ಅಲ್ಲಿ ಕೆಲಸಕ್ಕೆ ಬಾರದು. ಅದು ನೀರನ್ನು ಹೀರಿಕೊಂಡು ಬೇಗ ಒಣಗುವುದಿಲ್ಲ. ಉಣ್ಣೆ ಸ್ವಲ್ಪ ಒದ್ದೆಯಾದರೂ ಒಂದಿಷ್ಟು ಬಿಸಿ ಕಾಯುತ್ತದೆ. ಕುರಿಗಾಹಿ ಮಳೆಯಲ್ಲೂ ಕಂಬಳಿಯನ್ನೇ ನಂಬುವುದು ಇದಕ್ಕೇ.

ಕೈ, ಕಾಲು, ಕಣ್ಣು

ಚಳಿ ಹೆಚ್ಚಾದಾಗ ನಮ್ಮ ದೇಹ ಒಂದು ಜಾಣತನ ಮಾಡುತ್ತದೆ. ಹೃದಯ, ಶ್ವಾಸಕೋಶ, ಮಿದುಳುಗಳನ್ನು ಬೆಚ್ಚಗಿಡಲು ಕೈಕಾಲುಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಮೊದಲು ಪೆಟ್ಟು ಬೀಳುವುದು ಬೆರಳು, ಮೂಗು ಮತ್ತು ಕಿವಿಗಳಿಗೆ. ಚರ್ಮ ಮರಗಟ್ಟಿ ಬೆಳ್ಳಗಾಗುತ್ತದೆ, ಒಳಗಿನ ನೀರು ಹೆಪ್ಪುಗಟ್ಟುತ್ತದೆ. ಇದೇ ಹಿಮಗಡಿತ. ಹೆಚ್ಚಾದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ಅದಕ್ಕೇ ಒಂದರ ಮೇಲೊಂದು ಕೈಗವಸು, ಒಳಗೊಂದು ಹೊರಗೊಂದು ಇರುವ ಜೋಡಿ ಪದರದ ಬೂಟು, ಕಿವಿ ಮುಚ್ಚುವ ಟೋಪಿ ಬೇಕು. ಅಲ್ಲಿ ಬರಿಗೈಯಿಂದ ಲೋಹವನ್ನು ಮುಟ್ಟಬಾರದು. ಲೋಹ ಒಳ್ಳೆಯ ಉಷ್ಣವಾಹಕ. ಅದು ಕೈಯ ಶಾಖವನ್ನು ಥಟ್ಟನೆ ಎಳೆದುಕೊಳ್ಳುತ್ತದೆ, ಕೈಯ ತೇವ ಹೆಪ್ಪುಗಟ್ಟಿ ಚರ್ಮ ಲೋಹಕ್ಕೆ ಅಂಟಿಬಿಡುತ್ತದೆ.

ಎತ್ತು ಜಾರದಂತೆ ಅದರ ಗೊರಸಿಗೆ ಲಾಳ ಕಟ್ಟಿಸುವುದನ್ನು ನೋಡಿದ್ದೀರಿ. ಗಟ್ಟಿ ಮಂಜುಗಡ್ಡೆಯ ಮೇಲೆ ನಡೆಯುವವರು ಬೂಟಿನ ಕೆಳಗೆ ಮೊನಚಾದ ಉಕ್ಕಿನ ಹಲ್ಲುಗಳಿರುವ ಚೌಕಟ್ಟನ್ನು ಕಟ್ಟಿಕೊಳ್ಳುತ್ತಾರೆ. ಇದಕ್ಕೆ ಕ್ರ್ಯಾಂಪಾನ್ ಎಂದು ಹೆಸರು. ಆರೋಹಿಯ ತೂಕ 60 ಕಿಲೋಗ್ರಾಂ, ಬೂಟಿನ ತಳ 200 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದೇ ಕಾಲಿನ ಮೇಲೆ ನಿಂತರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 0.3 ಕಿಲೋಗ್ರಾಂ. ಹಲ್ಲುಗಳ ತುದಿಗಳೆಲ್ಲ ಸೇರಿ 2 ಚದರ ಸೆಂಟಿಮೀಟರ್ ಆದರೆ ಆ ಭಾರ 30 ಕಿಲೋಗ್ರಾಂ. ನೂರು ಪಟ್ಟು! ಹಲ್ಲು ಮಂಜಿನೊಳಗೆ ಇಳಿಯುತ್ತದೆ, ಕಾಲು ಜಾರುವುದಿಲ್ಲ. ಮೆತ್ತನೆಯ ಹಿಮದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಕಾಲು ಹೂತುಹೋಗದಂತೆ ಅಗಲವಾದ ಹಿಮಪಾದುಕೆ ಬೇಕು.

ಕೈಯಲ್ಲಿ ಸಣ್ಣ ಪಿಕಾಸಿಯಂಥ ಐಸ್ ಆಕ್ಸ್ ಇರುತ್ತದೆ. ಅದು ಊರುಗೋಲೂ ಹೌದು, ಮೆಟ್ಟಿಲು ಕಡಿಯುವ ಗುದ್ದಲಿಯೂ ಹೌದು. ಜಾರಿದಾಗ ಅದರ ಮೂತಿಯನ್ನು ಹಿಮಕ್ಕೆ ಒತ್ತಿ ನಿಲ್ಲಬಹುದು. ಕಣ್ಣಿಗೆ ಕಪ್ಪು ಕನ್ನಡಕ ಕಡ್ಡಾಯ. ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಕನ್ನಡಕವಿಲ್ಲದೆ ಕೆಲವು ಗಂಟೆ ನಡೆದರೆ ಕಣ್ಣು ಉರಿದು, ತಾತ್ಕಾಲಿಕವಾಗಿ ಕುರುಡಾದಂತೆ ಆಗುತ್ತದೆ.

ಹಿಗ್ಗುವ ಹಗ್ಗ

ನಮ್ಮ ನೆರೆಯ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳಿಗೆ ದೇಶವಿದೇಶಗಳ ಆರೋಹಿಗಳು ಅಭ್ಯಾಸಕ್ಕೆ ಬರುತ್ತಾರೆ. ಅಲ್ಲಿ ಹಿಮವಿಲ್ಲ. ಆದರೆ ಹಗ್ಗದ ವಿದ್ಯೆ ಒಂದೇ.

ಬಾವಿಯ ಹಗ್ಗಕ್ಕೂ ಆರೋಹಿಯ ಹಗ್ಗಕ್ಕೂ ಏನು ವ್ಯತ್ಯಾಸ? ಬಾವಿಯ ಹಗ್ಗ ಹಿಗ್ಗಬಾರದು. ಆರೋಹಿಯ ಹಗ್ಗ ಹಿಗ್ಗಲೇಬೇಕು! ಅದನ್ನು ನೈಲಾನ್ ಎಳೆಗಳಿಂದ ಮಾಡುತ್ತಾರೆ. ಒಳಗೆ ಭಾರ ಹೊರುವ ಎಳೆಗಳು, ಹೊರಗೆ ಅವನ್ನು ಉಜ್ಜಾಟದಿಂದ ಕಾಪಾಡುವ ನೇಯ್ದ ಕವಚ. ದಪ್ಪ ಸುಮಾರು 10 ಮಿಲಿಮೀಟರ್, ಅಂದರೆ ನಿಮ್ಮ ಕಿರುಬೆರಳಿನಷ್ಟು.

ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ಏಕೆ? ಚೆಂಡು ನಿಧಾನವಾಗಿ ನಿಂತರೆ ಕೈಗೆ ಪೆಟ್ಟು ಕಡಿಮೆ. ಹಗ್ಗವೂ ಹೀಗೆಯೇ. ಆರೋಹಿ 2 ಮೀಟರ್ ಬಿದ್ದ ಮೇಲೆ ಹಗ್ಗ ಬಿಗಿಯಾಯಿತು ಎನ್ನೋಣ. ಅದು 5 ಸೆಂಟಿಮೀಟರಿನಲ್ಲೇ ನಿಲ್ಲಿಸಿದರೆ ಮೈಗೆ ಬೀಳುವ ಸರಾಸರಿ ಬಲ ಅವನ ತೂಕದ ಸುಮಾರು 40 ಪಟ್ಟು. ಸೊಂಟವೇ ಮುರಿದೀತು. 50 ಸೆಂಟಿಮೀಟರ್ ಹಿಗ್ಗಿ ನಿಲ್ಲಿಸಿದರೆ ಕೇವಲ 5 ಪಟ್ಟು. ಸೊಂಟ ಮತ್ತು ತೊಡೆಗಳನ್ನು ಸುತ್ತುವ ಅಗಲ ಪಟ್ಟಿಗಳ ಹಾರ್ನೆಸ್ ಆ ಬಲವನ್ನು ಹಂಚಿಬಿಡುತ್ತದೆ. ಹಗ್ಗವನ್ನು ಕೂಡಿಸುವ ಕ್ಯಾರಬೀನರ್ ಎಂಬ ಕೊಂಡಿಯನ್ನು ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡುತ್ತಾರೆ. ಅಂಗೈಯಲ್ಲಿ ಹಿಡಿಸುವ ಅದು ಉದ್ದಕ್ಕೆ ಎಳೆದಾಗ ಸುಮಾರು 2 ಟನ್ ಭಾರವನ್ನು ತಡೆಯುತ್ತದೆ.

ಒಂದು ಎಚ್ಚರಿಕೆ: ಬಾವಿಯ ಹಗ್ಗ, ಎತ್ತಿನ ಹಗ್ಗ ಕಟ್ಟಿಕೊಂಡು ಗುಡ್ಡ, ಕೋಟೆ, ಕಲ್ಲುಗಣಿ ಹತ್ತಲು ಎಂದೂ ಹೋಗಬೇಡಿ. ಏಕೆಂದು ಈಗ ನಿಮಗೇ ಗೊತ್ತಾಗಿದೆ.

ಕುದಿಯುವ ನೀರು, ಬೇಯದ ಅನ್ನ

ಎತ್ತರದಲ್ಲಿ ಗಾಳಿ ತೆಳು. 6000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. 8848 ಮೀಟರ್ ಎತ್ತರದ ಎವರೆಸ್ಟ್ ತುದಿಯಲ್ಲಿ ಮೂರನೆಯ ಒಂದರಷ್ಟು. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲಬೇಕಾಗುತ್ತದೆ. ತಲೆನೋವು, ವಾಂತಿ ಬರಬಹುದು. ದೇಹಕ್ಕೆ ಒಗ್ಗಿಕೊಳ್ಳಲು ಕಾಲ ಕೊಡುತ್ತ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಬೇಕು.

ಒತ್ತಡ ಕಡಿಮೆಯಾದರೆ ನೀರಿನ ಕುದಿಬಿಂದುವೂ ಇಳಿಯುತ್ತದೆ. ಗದಗದಲ್ಲಿ ನೀರು ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ. 6000 ಮೀಟರ್ ಎತ್ತರದಲ್ಲಿ ಸುಮಾರು 80 ಡಿಗ್ರಿಯಲ್ಲೇ ಕುದಿಯುತ್ತದೆ. ಎಷ್ಟು ಕುದಿಸಿದರೂ ಬಿಸಿ ಅದಕ್ಕಿಂತ ಏರದು. ಆದ್ದರಿಂದ ಅಕ್ಕಿ, ಬೇಳೆ ಬೇಯುವುದಿಲ್ಲ. ಪ್ರೆಶರ್ ಕುಕ್ಕರ್ ಬೇಕೇ ಬೇಕು. ಕುಡಿಯುವ ನೀರಿಗೂ ಹಿಮವನ್ನೇ ಕರಗಿಸಬೇಕು.

ಹರಟೆಯೂ ಒಂದು ಸಲಕರಣೆ

ಬೂಟು, ಹಗ್ಗ, ಒಲೆ ಎಲ್ಲ ಆಯಿತು. ತೂಕವೇ ಇಲ್ಲದ ಇನ್ನೊಂದು ಸಲಕರಣೆ ಉಳಿದಿದೆ. ಅದು ಮಾತು. ನಮ್ಮ ಜಿಲ್ಲೆಯ ನಾಲ್ವರು ಹಿಮಾಲಯದ ಒಂದು ಡೇರೆಯಲ್ಲಿ ಸಂಜೆ ಕುಳಿತಿದ್ದಾರೆ ಎಂದು ಊಹಿಸಿಕೊಳ್ಳೋಣ. ತಂಡದ ಮುಖ್ಯಸ್ಥೆ ಲಕ್ಷ್ಮೇಶ್ವರದ ಅಕ್ಕ. ಉಳಿದ ಮೂವರನ್ನು ಅವರವರ ಊರಿನ ಹೆಸರಿನಿಂದಲೇ ಕರೆಯೋಣ.

ಬೆಟಗೇರಿ: ಏನಲೇ ಮುಂಡರಗಿ, ಮೂರು ಜೋಡಿ ಕೈಗವಸು ತಂದೀ? ಬೆಟ್ಟಾ ಹತ್ತಾಕ ಬಂದೀಯೋ, ಅಂಗಡಿ ಇಡಾಕ ಬಂದೀಯೋ?

ಮುಂಡರಗಿ: ನಗು, ನಗು. ನಿನ್ನ ಕೈಗವಸು ಗಾಳಿಗೆ ಹಾರಿ ಹೋದಾಗ ಗಿರಾಕಿ ಆಗಿ ನನ್ನ ಅಂಗಡಿಗೇ ಬರ್ತೀ.

ಅಕ್ಕ: ಸುಮ್ಮನಿರ್ರೋ. ಇಲ್ಲಿ ನೀರು ಕುದಿಯಾಕ ಹತ್ತೇತಿ, ಅಕ್ಕಿ ಮಾತ್ರ ಹಂಗ ಐತಿ. ಕುಕ್ಕರ್ ಮುಚ್ಚಳಾ ಎಲ್ಲಿ ಇಟ್ಟೀರಿ?

ಬೆಟಗೇರಿ: ಅನ್ನಾ ಬಿಡ್ರಿ ಅಕ್ಕಾ, ಬಿಸಿಬಿಸಿ ಮಿರ್ಚಿ ಭಜಿ ಮಾಡ್ರಿ.

ಅಕ್ಕ: ಆಗಲಿ. ಎಣ್ಣಿ ಹೆಪ್ಪುಗಟ್ಟೇತಿ, ಕಡ್ಲಿಹಿಟ್ಟು ಗದಗಿನಾಗ ಐತಿ. ಓಡಿ ಹೋಗಿ ತಗೊಂಡು ಬಾ.

ಮುಂಡರಗಿ: (ನಗುತ್ತ) ಶಿರಹಟ್ಟಿ, ನೀ ಯಾಕ ಸುಮ್ಮನ ಕುಂತೀ? ಮುಂಜಾನಿಂದ ಎಲ್ಲಾರ್ನೂ ಕಾಡಿಸಾಂವ ನೀನ.

ಶಿರಹಟ್ಟಿ: ಏ... ಏನಿಲ್ಲ... ಮಲ... ಮಲಗ್ತೀನಿ.

ಅಕ್ಕ: ನಗೂದು ನಿಲ್ಲಸ್ರಿ. ಅವನ ಮಾತು ತೊದಲಾಕ ಹತ್ತೇತಿ. ಶಿರಹಟ್ಟಿ, ಇಲ್ಲಿ ನೋಡಪಾ. ಅಂಗಿ ಗುಂಡಿ ಹಾಕು ನೋಡೋಣು.

ಶಿರಹಟ್ಟಿಯವನಿಗೆ ಗುಂಡಿ ಹಾಕಲು ಆಗುವುದಿಲ್ಲ. ಬೂಟು ಬಿಚ್ಚಿ ನೋಡಿದರೆ ಕಾಲುಚೀಲ ಒದ್ದೆ! ಮಧ್ಯಾಹ್ನ ತೊರೆ ದಾಟುವಾಗ ಕಾಲು ನೀರಿಗೆ ಬಿದ್ದಿತ್ತು. ಗೆಳೆಯರು ನಕ್ಕಾರೆಂದು ಅವನು ಹೇಳಿರಲಿಲ್ಲ. ತಕ್ಷಣ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸುತ್ತಾರೆ. ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸುತ್ತಾರೆ. ಅವನು ಎಚ್ಚರವಿದ್ದು ನುಂಗಬಲ್ಲ ಎಂದು ನೋಡಿಕೊಂಡು ಸಕ್ಕರೆ ಹಾಕಿದ ಬಿಸಿ ಚಹಾ ಗುಟುಕು ಗುಟುಕಾಗಿ ಕುಡಿಸುತ್ತಾರೆ. ರಾತ್ರಿಯಿಡೀ ಒಬ್ಬರಾದ ಮೇಲೊಬ್ಬರು ಅವನ ಪಕ್ಕದಲ್ಲಿ ಕೂರುತ್ತಾರೆ.

ಏನಾಗಿತ್ತು ಅವನಿಗೆ? ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ. ಮೊದಲು ಮೈ ನಡುಗುತ್ತದೆ. ಆಮೇಲೆ ನಾಲಿಗೆ ತೊದಲುತ್ತದೆ, ಬೆರಳು ಹೇಳಿದ ಮಾತು ಕೇಳುವುದಿಲ್ಲ, ಕಾಲು ಎಡವುತ್ತದೆ, ಬುದ್ಧಿ ಮಂಕಾಗುತ್ತದೆ. ಮಿದುಳೇ ತಣ್ಣಗಾಗಿರುವುದರಿಂದ ತನಗೆ ಅಪಾಯ ಬಂದಿದೆ ಎಂಬುದು ಆ ವ್ಯಕ್ತಿಗೆ ತಿಳಿಯುವುದೇ ಇಲ್ಲ! ಜೊತೆಗಾರರೇ ತಿಳಿಯಬೇಕು. ಮಾತಾಡುತ್ತಿದ್ದವ ಸುಮ್ಮನಾದರೆ, ನಗುತ್ತಿದ್ದವ ಸಿಡುಕಿದರೆ, ಅದನ್ನು ಗಮನಿಸಬೇಕು. ಎತ್ತರದ ಕಾಯಿಲೆಯೂ ಹೀಗೆಯೇ. ಹೆಚ್ಚಾದರೆ ಅದಕ್ಕಿರುವ ಮುಖ್ಯ ಮದ್ದು ಕೆಳಗಿಳಿಯುವುದು. ಆದ್ದರಿಂದ ಬೆಟ್ಟದ ಮೇಲಿನ ಹರಟೆ ಬರಿಯ ಹೊತ್ತು ಕಳೆಯುವುದಲ್ಲ. ಪ್ರತಿ ತಮಾಷೆಯೂ "ನೀನು ಸರಿಯಾಗಿದ್ದೀಯಾ?" ಎಂಬ ಪ್ರಶ್ನೆ. ಪ್ರತಿ ಮರುಮಾತೂ "ಸರಿಯಾಗಿದ್ದೇನೆ" ಎಂಬ ಉತ್ತರ.

ಆದರೆ ಹಗ್ಗ ಹಿಡಿದಾಗ ತಮಾಷೆ ಇಲ್ಲ. ಒಬ್ಬರ ಗಂಟನ್ನು ಇನ್ನೊಬ್ಬರು ನೋಡುತ್ತಾರೆ. "ಹಗ್ಗ ಹಿಡಿದಿದ್ದೀಯಾ?" "ಹಿಡಿದಿದ್ದೇನೆ." "ಹತ್ತಲೇ?" "ಹತ್ತು." ಉತ್ತರ ಕೇಳುವವರೆಗೆ ಕಾಲು ಎತ್ತುವಂತಿಲ್ಲ. ತನ್ನ ಕಷ್ಟವನ್ನು ನಾಚಿಕೆಯಿಂದ ಮುಚ್ಚಿಡುವುದು, ಕಷ್ಟ ಹೇಳಿಕೊಂಡವರನ್ನು ನೋಡಿ ನಗುವುದು, ಎರಡೂ ಅಲ್ಲಿ ಜೀವಕ್ಕೆ ಎರವಾದೀತು.

ಹಿಮವೇ ಹೊದಿಕೆಯಾದಾಗ

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಹಿಮಕುಸಿತದಲ್ಲಿ ಪೂರ್ತಿ ಹೂತವರಲ್ಲಿ ಹೆಚ್ಚಿನವರು ಬದುಕುವುದು ಮೊದಲ 10–15 ನಿಮಿಷದೊಳಗೆ ಹೊರತೆಗೆದರೆ ಮಾತ್ರ. ಆಮೇಲೆ ಉಸಿರು ಕಟ್ಟುತ್ತದೆ. ಆದ್ದರಿಂದಲೇ ಇಂಥ ಕಡೆ ಹೋಗುವವರು ಸಂಕೇತ ಕಳಿಸುವ ಸಣ್ಣ ರೇಡಿಯೋ ಯಂತ್ರ, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಕಡ್ಡಿ, ಸಲಿಕೆ ಈ ಮೂರನ್ನೂ ಒಯ್ಯುತ್ತಾರೆ. ಹಾಗಾದರೆ ಆರು ದಿನ ಬದುಕಿದ್ದು ಹೇಗೆ? ಹನುಮಂತಪ್ಪ ಅವರ ಸುತ್ತ ಗಾಳಿ ಇರುವ ಪೊಟರೆಯೊಂದು ಉಳಿದುಕೊಂಡಿತ್ತು ಎಂದು ಅಂದಿನ ವರದಿಗಳು ಹೇಳಿದವು. ಅದು ಉಸಿರಿಗೆ ಎಡೆ ಕೊಟ್ಟಿರಬೇಕು.

ಚಳಿಯ ವಿಷಯ? ಹೊಸದಾಗಿ ಬಿದ್ದ ಹಿಮದಲ್ಲಿ ನೂರಕ್ಕೆ 90ರಷ್ಟು ಜಾಗ ಗಾಳಿಯದೇ. ಕುಸಿದು ಗಟ್ಟಿಯಾದ ಹಿಮದಲ್ಲಿ ಇಷ್ಟು ಗಾಳಿ ಇರದಿದ್ದರೂ ಸಾಕಷ್ಟು ಇರುತ್ತದೆ. ಅಂದರೆ ಹಿಮವೂ ಒಂದು ಬಗೆಯ ಕಂಬಳಿ! ಹಿಮದ ಆಳದಲ್ಲಿ ಗಾಳಿ ಬೀಸುವುದಿಲ್ಲ, ಹೊರಗಿನ ಕೊರೆಯುವ ಚಳಿ ಅಷ್ಟು ಸುಲಭವಾಗಿ ಒಳಬರುವುದಿಲ್ಲ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಹಿಮದ ಇಟ್ಟಿಗೆಗಳಿಂದ ಇಗ್ಲೂ ಎಂಬ ಗುಡಿಸಲು ಕಟ್ಟುತ್ತಿದ್ದುದು ಇದಕ್ಕೇ. ಆ ಯೋಧನ ಚರ್ಮ, ಬೆರಳುಗಳನ್ನು ಹಿಮಗಡಿತದಿಂದ ಉಳಿಸುವಲ್ಲಿ ಈ ನಿಂತ ಗಾಳಿಯ ಪಾಲೂ ಇದ್ದಿರಬೇಕು.

ಆದರೆ ಕಂಬಳಿಯಂತೆಯೇ ಹಿಮವೂ ಬಿಸಿಯನ್ನು ಹುಟ್ಟಿಸದು. ಆರು ದಿನವೂ ಬಿಸಿ ಬಂದದ್ದು ಆ ದೇಹದಿಂದಲೇ. ಅನ್ನವಿಲ್ಲ, ನೀರಿಲ್ಲ, ಸಾಕಷ್ಟು ಆಮ್ಲಜನಕವಿಲ್ಲ. ಒಳಗಿದ್ದುದನ್ನೆಲ್ಲ ಉರಿಸಿ ದೇಹ ತನ್ನನ್ನು ತಾನು ಕಾಯಿಸಿಕೊಂಡಿತು. ಆ ದಣಿವನ್ನು ಕೊನೆಗೆ ಯಾವ ವೈದ್ಯರೂ ತುಂಬಿಕೊಡಲಾಗಲಿಲ್ಲ. ಬೆಟದೂರಿನ ದಾರಿಯಲ್ಲಿ ಹೋದಾಗ, ಇಲ್ಲವೇ ಚಳಿಯ ರಾತ್ರಿ ಕೌದಿ ಎಳೆದುಕೊಂಡಾಗ, ಆ ಹತ್ತು ಮಂದಿಯನ್ನು ಒಮ್ಮೆ ನೆನೆಯಿರಿ.

ನೀವೇ ಮಾಡಿ ನೋಡಿ

1. ಒಂದೇ ಅಳತೆಯ ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಒಣ ಉಣ್ಣೆಯ ಬಟ್ಟೆ ಸುತ್ತಿ. ಮೂರನೆಯದಕ್ಕೆ ಅದೇ ಬಗೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ ಸುತ್ತಿ. ಮೂರಕ್ಕೂ ಒಂದೇ ಪ್ರಮಾಣದ ಬಿಸಿನೀರನ್ನು ಶಿಕ್ಷಕರಿಂದಲೇ ಹಾಕಿಸಿ, ಮುಚ್ಚಿಡಿ. ಪ್ರತಿ 5 ನಿಮಿಷಕ್ಕೊಮ್ಮೆ ಉಷ್ಣತಾಮಾಪಕದಿಂದ ನೋಡಿ, ಅರ್ಧ ಗಂಟೆಯವರೆಗೆ ಕೋಷ್ಟಕದಲ್ಲಿ ಬರೆಯಿರಿ. ಯಾವುದು ಮೊದಲು ಆರಿತು? ಕಿಟಕಿಯ ಗಾಳಿಗೆ ಇಟ್ಟು ಮತ್ತೆ ಮಾಡಿ ನೋಡಿ.

2. ತೆಳು ಹೊಲಿಗೆ ದಾರಕ್ಕೆ ಕಲ್ಲೊಂದನ್ನು ಕಟ್ಟಿ. ದಾರದ ಇನ್ನೊಂದು ತುದಿ ಹಿಡಿದು ಕಲ್ಲನ್ನು ಎತ್ತಿ ಬಿಡಿ. ದಾರ ತುಂಡಾಗುವಷ್ಟು ತೂಕದ ಕಲ್ಲನ್ನು ಆರಿಸಿಕೊಳ್ಳಿ. ಈಗ ದಾರ ಮತ್ತು ಕಲ್ಲಿನ ನಡುವೆ ಒಂದು ರಬ್ಬರ್ ಬ್ಯಾಂಡ್ ಕಟ್ಟಿ ಅಷ್ಟೇ ಎತ್ತರದಿಂದ ಬಿಡಿ. ಏನಾಯಿತು? ಕಲ್ಲಿನ ಕೆಳಗೆ ಕಾಲು ಇರದಂತೆ ನೋಡಿಕೊಳ್ಳಿ.

ಯೋಚಿಸಿ ಉತ್ತರಿಸಿ

1. ಒಂದು ಐಸ್ ಕ್ಯಾಂಡಿಯನ್ನು ತಟ್ಟೆಯಲ್ಲಿಟ್ಟು, ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಂಬಳಿಯಲ್ಲಿ ಸುತ್ತಿಟ್ಟರೆ ಯಾವುದು ಬೇಗ ಕರಗುತ್ತದೆ? ಏಕೆ?
2. ನಿಮ್ಮ ಊರು ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿದ್ದು, ಅಲ್ಲಿ 30 ಡಿಗ್ರಿ ಉಷ್ಣತೆ ಇದ್ದರೆ, 2600 ಮೀಟರ್ ಎತ್ತರದ ಬೆಟ್ಟದ ಮೇಲೆ ಎಷ್ಟು ಇರಬಹುದು?
3. ಹಿಮದಲ್ಲಿ ಎರಡು ತೆಳು ಸ್ವೆಟರ್ ಮೇಲೋ, ಒಂದು ದಪ್ಪ ಸ್ವೆಟರ್ ಮೇಲೋ? ಕಾರಣ ಕೊಡಿ.
4. ಶಿರಹಟ್ಟಿಯವನಿಗೆ ಅಪಾಯವಾಗಿದೆ ಎಂದು ಅಕ್ಕನಿಗೆ ತಿಳಿದದ್ದು ಯಾವ ಯಾವ ಗುರುತುಗಳಿಂದ?
5. ನಿಮ್ಮ ಮನೆಯಲ್ಲಿ ಬಿಸಿಯನ್ನು ಅಥವಾ ತಂಪನ್ನು ಕಾಯುವ ಐದು ವಸ್ತುಗಳನ್ನು ಹುಡುಕಿ. ಅವುಗಳಲ್ಲಿ ಗಾಳಿ ಎಲ್ಲಿ ಅಡಗಿದೆ ಎಂದು ಚಿತ್ರ ಬರೆದು ತೋರಿಸಿ.